ಲಾಗಿನ್ ಆದ ಮೇಲೆ ಹ್ಯಾಂಗ್ ಆಗುವ ಕಂಪ್ಯೂಟರ್: ಫಾರ್ಮ್ಯಾಟ್ ಮಾಡಿಸುವ ಮೊದಲು ನೋಡಬೇಕಾದದ್ದು

ಚೌತಿ ಹಬ್ಬಕ್ಕೆ ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹಬ್ಬದ ಮಾರನೇ ದಿನ, ಹೊರಗೆ ಜೋರು ಮಳೆ. ಒಳಕೋಣೆಯಿಂದ ಅಕ್ಕ ಕರೆದಳು. "ತಮಾ, ಇದು ಮತ್ತೆ ನಿಂತೋತು ನೋಡು." ಪಾಸ್‌ವರ್ಡ್ ಹಾಕಿಯಾಗಿತ್ತು. ಡೆಸ್ಕ್‌ಟಾಪ್ ಬಂದಿತ್ತು. ಮೌಸಿನ ಬಾಣ ಓಡಾಡುತ್ತಿತ್ತು, ಆದರೆ ಏನನ್ನು ಒತ್ತಿದರೂ ತೆರೆಯುತ್ತಿರಲಿಲ್ಲ. ಒಂದು ನಿಮಿಷ ಕಳೆದ ಮೇಲೆ ಬಾಣವೂ ನಿಂತುಬಿಟ್ಟಿತು.

ಆ ಒಂದೇ ಮಳೆಗಾಲದಲ್ಲಿ ಈ ಕಂಪ್ಯೂಟರನ್ನು ಎರಡು ಸಲ ರಿಪೇರಿ ಅಂಗಡಿಗೆ ಒಯ್ದಿದ್ದರು. ಎರಡೂ ಸಲ ವಿಂಡೋಸ್ ಹಾಳಾಗಿದೆ ಎಂದು ಹೇಳಿ ಫಾರ್ಮ್ಯಾಟ್ ಮಾಡಿ, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿ ಕೊಟ್ಟರು. ಮನೆಗೆ ತಂದ ಮೇಲೆ ಎರಡು ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮತ್ತೆ ಅದೇ. ಮೊದಲ ಸಲದ ಫಾರ್ಮ್ಯಾಟಿನಲ್ಲಿ ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಅಪ್ಪಯ್ಯನ ಫೋಟೋಗಳು ಹೋದವು. ಅಪ್ಪಯ್ಯ ತೀರಿಕೊಳ್ಳುವ ಮುಂಚಿನ ವರ್ಷ ತೆಗೆದವು. ಬೇರೆ ಎಲ್ಲಿಯೂ ಪ್ರತಿ ಇರಲಿಲ್ಲ. ಕೊನೆಗೆ ನೋಡಿದರೆ ದೋಷ ವಿಂಡೋಸಿನಲ್ಲಿ ಇರಲೇ ಇಲ್ಲ. ಆ ಫೋಟೋಗಳು ಸುಮ್ನೆ ಹೋದವು. ಅದು ಇನ್ನೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೇ ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಲಾಗಿನ್ ಆದ ಮೇಲೆಯೇ ಯಾಕೆ ನಿಲ್ಲುತ್ತದೆ

ಪಾಸ್‌ವರ್ಡ್ ಕೇಳುವ ಪರದೆ ಬಂದಾಗ ಕಂಪ್ಯೂಟರ್ ಪೂರ್ತಿ ಶುರುವಾಯಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾದ ದುಡಿಮೆ ಶುರುವಾಗುವುದೇ ಆಮೇಲೆ. ನಿಮ್ಮ ಖಾತೆಯ ಎಲ್ಲ ಸೆಟ್ಟಿಂಗುಗಳನ್ನು ಡಿಸ್ಕಿನಿಂದ ಓದಬೇಕು. ಟಾಸ್ಕ್‌ಬಾರ್, ಐಕಾನ್ ಎಲ್ಲ ಜೋಡಿಸಬೇಕು. ಆ್ಯಂಟಿವೈರಸ್ ಏಳುತ್ತದೆ. ಫೈಲುಗಳ ಪ್ರತಿಯನ್ನು ಇಂಟರ್ನೆಟ್ಟಿನಲ್ಲಿ ಇಡುವ ಒನ್‌ಡ್ರೈವ್ ತನ್ನ ಫೈಲುಗಳನ್ನು ಹೋಲಿಸಿ ನೋಡಲು ಶುರುಮಾಡುತ್ತದೆ. ಅಪ್‌ಡೇಟ್ ಇದೆಯೇ ಎಂದು ವಿಂಡೋಸ್ ಹುಡುಕುತ್ತದೆ. ಪ್ರಿಂಟರ್‌ನ ಜೊತೆಗೆ ಬಂದ ಸಾಫ್ಟ್‌ವೇರ್, ಯಾವಾಗಲೋ ಹಾಕಿದ ಡೌನ್‌ಲೋಡ್ ಮಾಡುವ ಪ್ರೋಗ್ರಾಂ, ಎಲ್ಲವೂ ಒಂದೇ ಹೊತ್ತಿಗೆ ಡಿಸ್ಕಿನ ಬಾಗಿಲಿಗೆ ಬಂದು ನಿಲ್ಲುತ್ತವೆ. ಇಡೀ ದಿನದಲ್ಲಿ ಡಿಸ್ಕ್ ಮತ್ತು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನ ಮೇಲೆ ಜಾಸ್ತಿ ಭಾರ ಬೀಳುವ ಹೊತ್ತು ಇದು.

ಹಾಗಾಗಿ ಎಲ್ಲಿಯೇ ಸಣ್ಣ ದೋಷ ಇದ್ದರೂ ಅದು ಮೊದಲು ಕಾಣಿಸುವುದು ಇಲ್ಲಿ. ಸಾಫ್ಟ್‌ವೇರ್ ದೋಷ ಆದರೂ ಅಷ್ಟೇ, ಕೇಬಲ್ ಸಡಿಲ ಆದರೂ ಅಷ್ಟೇ, ರ‍್ಯಾಮ್ ಕಿಲುಬು ಹಿಡಿದರೂ ಅಷ್ಟೇ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತರಹ. ಲಾಗಿನ್ ಆದ ಮೇಲೆ ಹ್ಯಾಂಗ್ ಆಯಿತು ಎಂಬ ಒಂದೇ ಮಾತಿನಿಂದ ವಿಂಡೋಸ್ ಹಾಳಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ.

ಮೊದಲು ಕೈ ಕಟ್ಟಿಕೊಂಡು ನೋಡಿ

ಹ್ಯಾಂಗ್ ಆದ ಕೂಡಲೇ ಪವರ್ ಬಟನ್ ಒತ್ತಿ ಹಿಡಿಯುವುದು ಎಲ್ಲರ ಅಭ್ಯಾಸ. ಒಂದು ಸಲ ಮಾತ್ರ ಹಾಗೆ ಮಾಡದೆ ಹತ್ತು ನಿಮಿಷ ಬಿಡಿ. ಒಂದು ಕಾಗದ ಹಿಡಿದು ಎದುರಿಗೆ ಕುಳಿತುಕೊಳ್ಳಿ. ಪಾಸ್‌ವರ್ಡ್ ಹಾಕಿದ ಮೇಲೆ ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದುಕೊಳ್ಳಿ.

ಈಗ ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರಿನ ಜೀವ ಇನ್ನೂ ಇದೆ, ಮೇಲಿನ ಪದರ ಮಾತ್ರ ಸಿಕ್ಕಿಹಾಕಿಕೊಂಡಿದೆ. ದೀಪ ಅಲುಗಾಡದಿದ್ದರೆ ಬುಡದಲ್ಲೇ ನಿಂತಿದೆ. ಆಗ ಅನುಮಾನ ಹಾರ್ಡ್‌ವೇರ್ ಅಥವಾ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕಡೆ ಹೋಗಬೇಕು.

ದೀಪ ಹತ್ತಿ ಆರುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದರೆ ಅದರಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಅನ್ನು ಆರಿಸಿ ರಿಸ್ಟಾರ್ಟ್ ಕೊಡಿ. ಟಾಸ್ಕ್‌ಬಾರ್ ಮರಳಿ ಬಂದರೆ ದೋಷ ನಿಮ್ಮ ಖಾತೆಯದ್ದೋ, ಎಕ್ಸ್‌ಪ್ಲೋರರ್‌ಗೆ ಅಂಟಿಕೊಂಡ ಯಾವುದೋ ಪ್ರೋಗ್ರಾಮಿನದ್ದೋ ಇರುತ್ತದೆ. ಚಿತ್ರ ಮಾತ್ರ ಹೆಪ್ಪುಗಟ್ಟಿ, ಹಿಂದೆ ಹಾಡು ನಡೆಯುತ್ತಲೇ ಇದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಇಷ್ಟನ್ನೂ ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರುಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಸರಿಯಾದರೆ ಗ್ರಾಫಿಕ್ಸ್ ಡ್ರೈವರ್ ಬದಲಿಸಿದರೆ ಸಾಕಾಗಬಹುದು.

ಇನ್ನೊಂದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಸಿಪಿಯು ಡಬ್ಬಿಯ ಮುಂದೆ ಪವರ್ ದೀಪದ ಪಕ್ಕ ಇನ್ನೊಂದು ಸಣ್ಣ ದೀಪ ಇರುತ್ತದೆ. ಡಿಸ್ಕ್ ಕೆಲಸ ಮಾಡುವಾಗ ಅದು ಮಿಣಮಿಣ ಅನ್ನುತ್ತದೆ. ಹ್ಯಾಂಗ್ ಆದಾಗ ಅದು ಏನು ಮಾಡುತ್ತಿದೆ? ಬಿಡದೆ ಮಿಣುಕುತ್ತಿದ್ದರೆ ಡಿಸ್ಕ್ ಒದ್ದಾಡುತ್ತಾ ಓದುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಕಾದರೆ ಬರಬಹುದು. ಪೂರ್ತಿ ಆರಿದ್ದರೆ ಡಿಸ್ಕನ್ನು ಯಾರೂ ಏನೂ ಕೇಳುತ್ತಿಲ್ಲ, ಅಂದರೆ ರ‍್ಯಾಮ್, ಡ್ರೈವರ್, ಬೋರ್ಡ್ ಕಡೆ ನೋಡಬೇಕು. ಮಿಣುಕದೆ ಗಟ್ಟಿಯಾಗಿ ಉರಿದೇ ಇದ್ದರೆ ಕಂಪ್ಯೂಟರ್ ಡಿಸ್ಕಿಗೆ ಏನೋ ಕೇಳಿದೆ, ಉತ್ತರ ಬಂದಿಲ್ಲ.

ಅಕ್ಕನ ಕಂಪ್ಯೂಟರಿನಲ್ಲಿ ದೀಪ ಗಟ್ಟಿಯಾಗಿ ಉರಿಯುತ್ತಿತ್ತು. ಸುಮಾರು ಹೊತ್ತು ಕಾದ ಮೇಲೆ ಒಂದು ಸಲ ಆರಿತು, ಬಾಣ ನಾಲ್ಕು ಹೆಜ್ಜೆ ಓಡಿತು, ಮತ್ತೆ ದೀಪ ಉರಿಯಿತು, ಬಾಣ ನಿಂತಿತು. ನನಗೆ ಸಿಕ್ಕ ಮೊದಲ ಸುಳಿವು ಅದು.

ಫೋಟೋ, ಲೆಕ್ಕಪತ್ರ ಮೊದಲು ಹೊರಗೆ ತೆಗೆಯಿರಿ

ದೋಷ ಹುಡುಕುವ ಮೊದಲು ಈ ಕೆಲಸ ಆಗಲೇಬೇಕು. ಡಿಸ್ಕ್ ಸಾಯುತ್ತಿದ್ದರೆ ನೀವು ಮಾಡುವ ಒಂದೊಂದು ಪರೀಕ್ಷೆಯೂ ಅದರ ಆಯುಷ್ಯ ಕಡಿಮೆ ಮಾಡುತ್ತದೆ.

ಒಳ್ಳೆಯ ದಾರಿ ಎಂದರೆ ಪೆನ್‌ಡ್ರೈವಿನಿಂದ ನಡೆಯುವ ಲಿನಕ್ಸ್, ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ. ಬೇರೆ ಯಾವುದಾದರೂ ಸರಿಯಿರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟು ಇಳಿಸಿಕೊಂಡು, ರೂಫಸ್ ಎಂಬ ಉಚಿತ ಪ್ರೋಗ್ರಾಮಿನಿಂದ ಒಂದು ಖಾಲಿ ಪೆನ್‌ಡ್ರೈವಿಗೆ ಹಾಕಿ. ಉಬುಂಟುವಿನ ಈಗಿನ ಆವೃತ್ತಿಗಳು ದೊಡ್ಡವು, ಹಾಗಾಗಿ 16 ಜಿಬಿಯದ್ದು ಇದ್ದರೆ ಯೋಚನೆಯೇ ಇಲ್ಲ. ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದು ಅಳಿಸಿಹೋಗುತ್ತದೆ, ನೋಡಿಕೊಳ್ಳಿ. ಅದನ್ನು ಹ್ಯಾಂಗ್ ಆಗುವ ಕಂಪ್ಯೂಟರಿಗೆ ಸಿಕ್ಕಿಸಿ, ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಿ. ಕಂಪನಿಗೆ ತಕ್ಕಂತೆ ಅದು ಎಫ್12, ಎಫ್11, ಎಫ್9, ಇಲ್ಲವೇ ಎಸ್ಕೇಪ್ ಇರುತ್ತದೆ. ಪೆನ್‌ಡ್ರೈವ್ ಆರಿಸಿ. ಇನ್‌ಸ್ಟಾಲ್ ಎಂದು ಒತ್ತಬೇಡಿ, ಟ್ರೈ ಎಂದು ಇದ್ದರೆ ಅದನ್ನು ಕೊಡಿ. ಆಗ ಹಾರ್ಡ್ ಡಿಸ್ಕನ್ನು ಮುಟ್ಟದೆ ಕಂಪ್ಯೂಟರ್ ಪೂರ್ತಿ ನಡೆಯುತ್ತದೆ.

ಅಲ್ಲಿಂದ ಹಾರ್ಡ್ ಡಿಸ್ಕ್ ತೆರೆದು ಫೋಟೋ, ದಾಖಲೆ ಎಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ವಿಂಡೋಸ್ ಸರಿಯಾಗಿ ಬಂದ್ ಆಗಿಲ್ಲದಿದ್ದರೆ ಲಿನಕ್ಸ್ ಆ ಡಿಸ್ಕನ್ನು ಸಾಮಾನ್ಯವಾಗಿ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಹೆದರಬೇಡಿ, ನಮಗೆ ಬೇಕಾದದ್ದೂ ಓದುವುದೇ ಅಲ್ವಾ. ಆದರೆ ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗ ಇರುತ್ತದೆ. ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಲ್ಲಿ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಮುಂದೆ ಹೇಳುವ ಸೇಫ್ ಮೋಡಿಗೆ ಹೋಗುವಾಗಲೂ ಇದನ್ನೇ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ಈ ಪೆನ್‌ಡ್ರೈವ್ ಬರೀ ಫೋಟೋ ತೆಗೆಯುವುದಕ್ಕಲ್ಲ, ಒಳ್ಳೆಯ ಪರೀಕ್ಷೆಯೂ ಹೌದು. ಲಿನಕ್ಸಿನಲ್ಲಿ ಒಂದು ತಾಸು ಬ್ರೌಸರ್ ತೆರೆದು ವಿಡಿಯೋ ನೋಡಿ. ಅಲ್ಲಿಯೂ ಹ್ಯಾಂಗ್ ಆದರೆ ವಿಂಡೋಸಿನ ತಪ್ಪಲ್ಲ, ರ‍್ಯಾಮ್, ಬೋರ್ಡ್, ಪವರ್ ಸಪ್ಲೈ ಯಾವುದೋ ಒಂದು. ಹ್ಯಾಂಗ್ ಆಗದೆ ಇದ್ದು, ಹಾರ್ಡ್ ಡಿಸ್ಕಿನಿಂದ ಕಾಪಿ ಮಾಡುವಾಗ ಮಾತ್ರ ತಡವರಿಸಿದರೆ ದೋಷ ಡಿಸ್ಕಿನಲ್ಲಿ ಅಥವಾ ಡಿಸ್ಕಿನ ದಾರಿಯಲ್ಲಿ. ಎರಡೂ ಚೆನ್ನಾಗಿ ನಡೆದರೆ ವಿಂಡೋಸಿನ ಕಡೆ ಬನ್ನಿ.

ಅಕ್ಕನ ಮನೆಯಲ್ಲಿ ವಿಡಿಯೋ ಒಂದು ತಾಸು ಚಂದವಾಗಿ ನಡೆಯಿತು. ಫೋಟೋ ಕಾಪಿ ಮಾಡಲು ಶುರುಮಾಡಿದ ಮೇಲೆ ನಡುನಡುವೆ ವೇಗ ಸೊನ್ನೆಗೆ ಇಳಿಯುತ್ತಿತ್ತು, ಆಮೇಲೆ ಮತ್ತೆ ಏರುತ್ತಿತ್ತು. ಉಳಿದ ಫೋಟೋ, ಕೂಸಿನ ಶಾಲೆಯ ಕೆಲಸ, ಭಾವನ ಲೆಕ್ಕ ಎಲ್ಲ ಹೊರಗೆ ಬರುವಷ್ಟರಲ್ಲಿ ಸಂಜೆಯಾಯಿತು. ಅಷ್ಟಾದ ಮೇಲೆಯೇ ನನಗೆ ಉಸಿರು ಸಲೀಸಾಗಿ ಬಂದದ್ದು.

ವಿಂಡೋಸಿನೊಳಗೆ ನೋಡುವುದಾದರೆ

ಲಾಗಿನ್ ಪರದೆಯಲ್ಲೇ ಬಲಗಡೆ ಕೆಳಗೆ ಪವರ್ ಗುರುತು ಇರುತ್ತದೆ. ಶಿಫ್ಟ್ ಒತ್ತಿ ಹಿಡಿದುಕೊಂಡು ಅಲ್ಲಿ ರಿಸ್ಟಾರ್ಟ್ ಕೊಡಿ. ನೀಲಿ ಪರದೆ ಬಂದ ಮೇಲೆ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್ ಎಂದು ಹೋಗಿ 4 ಒತ್ತಿದರೆ ಸೇಫ್ ಮೋಡ್. ಇಂಟರ್ನೆಟ್ ಬೇಕಾದರೆ 5.

ಸೇಫ್ ಮೋಡಿನಲ್ಲಿ ತೀರಾ ಬೇಕಾದ ಡ್ರೈವರುಗಳು ಮಾತ್ರ ಏಳುತ್ತವೆ. ಅಲ್ಲಿ ಹ್ಯಾಂಗ್ ಆಗದಿದ್ದರೆ ಸಾಫ್ಟ್‌ವೇರೇ ಕಾರಣ ಎಂದು ಬಹಳ ಕಡೆ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಅಕ್ಕನ ಕಂಪ್ಯೂಟರ್ ಸೇಫ್ ಮೋಡಿನಲ್ಲಿ ಒಂದು ತಾಸು ನಿಲ್ಲದೆ ನಡೆಯಿತು, ಆದರೂ ದೋಷ ಹಾರ್ಡ್‌ವೇರಿನದ್ದೇ. ಸೇಫ್ ಮೋಡಿನಲ್ಲಿ ಡಿಸ್ಕಿನ ಮೇಲೆ ಭಾರ ಕಡಿಮೆ. ಭಾರ ಕಡಿಮೆ ಇದ್ದಾಗ ಅರೆಬರೆ ಕೇಬಲ್ ಕೂಡ ಹೇಗೋ ದಾಟಿಸುತ್ತದೆ. ಹಾಗಾಗಿ ಸೇಫ್ ಮೋಡಿನಲ್ಲಿ ಹ್ಯಾಂಗ್ ಆದರೆ ಅದು ಹಾರ್ಡ್‌ವೇರ್ ಕಡೆಗೆ ಬಲವಾದ ಸುಳಿವು. ಆಗದಿದ್ದರೆ ಅದನ್ನು ಸಾಫ್ಟ್‌ವೇರ್ ದೋಷಕ್ಕೆ ಅರ್ಧ ಸಾಕ್ಷಿ ಎಂದು ಮಾತ್ರ ಇಟ್ಟುಕೊಳ್ಳಿ.

ಸಾಫ್ಟ್‌ವೇರಿನ ಅನುಮಾನ ಇದ್ದರೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಗೆ ಹೋಗಿ, ನಿಮಗೆ ದಿನಾ ಬೇಕಿಲ್ಲದ ಎಲ್ಲವನ್ನೂ ಡಿಸೇಬಲ್ ಮಾಡಿ. ಇದರಿಂದ ಯಾವ ಪ್ರೋಗ್ರಾಮೂ ಅಳಿಸಿಹೋಗುವುದಿಲ್ಲ. ತಾನಾಗಿ ಏಳುವುದು ನಿಲ್ಲುತ್ತದೆ, ಅಷ್ಟೇ. ಶಿರಸಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಆ್ಯಂಟಿವೈರಸ್ ಒಟ್ಟಿಗೆ ಇದ್ದವು. ಒಂದು ತೆರೆದ ಫೈಲನ್ನು ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ಒಂದನ್ನು ತೆಗೆದ ದಿನವೇ ಸರಿಯಾಯಿತು. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಹೊಸ ಬಳಕೆದಾರರ ಖಾತೆ ಮಾಡಿ ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಸರಿಯಾಗಿ ನಡೆದು ಹಳೆಯದರಲ್ಲಿ ಮಾತ್ರ ನಿಲ್ಲುತ್ತಿದ್ದರೆ ಹಳೆಯ ಖಾತೆಯ ಸೆಟ್ಟಿಂಗ್ ಫೈಲು ಕೆಟ್ಟಿದೆ. ಕರೆಂಟ್ ಹೋಗಿ ಕಂಪ್ಯೂಟರ್ ತಟ್ಟನೆ ಬಂದ್ ಆದಾಗ ಇದು ಆಗುತ್ತದೆ. ಫೈಲುಗಳನ್ನು ಹೊಸ ಖಾತೆಗೆ ಸಾಗಿಸಿದರೆ ಮುಗಿಯಿತು, ಫಾರ್ಮ್ಯಾಟ್ ಬೇಡ.

ಇದರ ನಡುವೆ ತಿಳಿದಿರಬೇಕಾದ ಒಂದು ಸಂಗತಿ ಇದೆ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗ ಡಿಸ್ಕಿನಲ್ಲಿ ಉಳಿದಿರುತ್ತದೆ. ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಡ್ರೈವರ್ ಇದ್ದರೆ ಅದೂ ಹಾಗೆಯೇ ಎದ್ದು ಬರುತ್ತದೆ. ಹೊಸದಾಗಿ ಶುರುವಾಗಬೇಕು ಎಂದರೆ ರಿಸ್ಟಾರ್ಟ್ ಕೊಡಬೇಕು. ಪರೀಕ್ಷೆ ಮಾಡುವ ದಿನಗಳಲ್ಲಿ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿಗೆ ಹೋಗಿ ಅದನ್ನು ಆಫ್ ಮಾಡಿಟ್ಟುಕೊಳ್ಳಿ.

ವಿಂಡೋಸಿನ ಸ್ವಂತ ಫೈಲುಗಳನ್ನು ರಿಪೇರಿ ಮಾಡುವ ಎಸ್‌ಎಫ್‌ಸಿ, ಡಿಸ್ಮ್ ಎಂಬ ಎರಡು ಕಮಾಂಡುಗಳಿವೆ. ಒಳ್ಳೆಯವೇ. ಡಿಸ್ಕಿನ ತಪ್ಪುಗಳನ್ನು ಹುಡುಕಿ ಸರಿಮಾಡುವ ಚೆಕ್‌ಡಿಸ್ಕ್ ಎಂಬುದೂ ಇದೆ. ಆದರೆ ಡಿಸ್ಕ್ ಮತ್ತು ಕೇಬಲ್ ಸರಿ ಇದೆ ಎಂದು ಗೊತ್ತಾಗುವವರೆಗೆ ಈ ಮೂರನ್ನೂ ಓಡಿಸಬೇಡಿ, ದಯವಿಟ್ಟು. ರಿಪೇರಿ ಮಾಡುವಾಗ ಮೂರೂ ಡಿಸ್ಕಿನ ಮೇಲೆ ಬರೆಯುತ್ತವೆ. ದಾರಿಯೇ ಕೆಟ್ಟಿರುವಾಗ ಬರೆಯಲು ಹೋದರೆ ಸರಿ ಇದ್ದ ಕಡತಗಳೂ ಕೆಡಬಹುದು. ಸಾಯುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಪೂರ್ತಿ ಓಡಿಸಿದರೆ ಉಳಿದ ಜೀವವೂ ಹೋಗಬಹುದು.

ಕಂಪ್ಯೂಟರ್ ತಾನೇ ಬರೆದಿಟ್ಟ ಸಾಕ್ಷಿ

ಸೇಫ್ ಮೋಡಿನಲ್ಲಿ ಇರುವಾಗಲೇ ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕೆಂಪು ಮತ್ತು ಹಳದಿ ಗುರುತುಗಳು ನೂರಾರು ಇರುತ್ತವೆ. ಸರಿ ಇರುವ ಕಂಪ್ಯೂಟರಿನಲ್ಲೂ ಇರುತ್ತವೆ, ಗಾಬರಿಯಾಗಬೇಡಿ. ಹ್ಯಾಂಗ್ ಆದ ಹೊತ್ತನ್ನು ಕಾಗದದಲ್ಲಿ ಬರೆದುಕೊಂಡಿದ್ದೀರಲ್ಲ, ಆ ಹೊತ್ತಿನ ಸಾಲುಗಳನ್ನು ಮಾತ್ರ ನೋಡಿ.

41 ಎಂಬ ಸಂಖ್ಯೆ, ಕರ್ನಲ್-ಪವರ್ ಎಂಬ ಹೆಸರಿನೊಂದಿಗೆ, ಕಂಡೇ ಕಾಣುತ್ತದೆ. ಅದರ ಅರ್ಥ ಕಂಪ್ಯೂಟರ್ ಸರಿಯಾಗಿ ಬಂದ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ. ಪವರ್ ಬಟನ್ ಒತ್ತಿ ಹಿಡಿದದ್ದು ನೀವೇ ಅಲ್ವಾ, ಅದೇ ಅಲ್ಲಿ ದಾಖಲಾಗಿದೆ. ಇದನ್ನು ನೋಡಿ ಪವರ್ ಸಪ್ಲೈ ಹೋಗಿದೆ ಎಂದು ಹೊಸದು ಕೊಂಡವರಿದ್ದಾರೆ.

ಬೆಲೆಯಿರುವ ಸಂಖ್ಯೆಗಳು ಬೇರೆ. 7 ಎಂದು ಡಿಸ್ಕ್ ಹೆಸರಿನಲ್ಲಿ ಬಂದರೆ ಡಿಸ್ಕಿನಲ್ಲಿ ಓದಲಾಗದ ಜಾಗ ಸಿಕ್ಕಿದೆ. 153 ಎಂದರೆ ಒಂದು ಸಲ ಕೇಳಿದ್ದು ಸಿಗದೆ ಮತ್ತೆ ಕೇಳಬೇಕಾಯಿತು. 129 ಎಂದರೆ ಕಾದು ಕಾದು ಉತ್ತರ ಬಾರದೆ ಆ ಡಿಸ್ಕಿನ ಸಂಪರ್ಕವನ್ನೇ ರಿಸೆಟ್ ಮಾಡಬೇಕಾಯಿತು. ಅಕ್ಕನ ಕಂಪ್ಯೂಟರಿನಲ್ಲಿ ಹ್ಯಾಂಗ್ ಆದ ಪ್ರತಿ ಹೊತ್ತಿನ ಎದುರಿಗೂ 129 ಸಾಲಾಗಿ ನಿಂತಿತ್ತು. ಗಟ್ಟಿಯಾಗಿ ಉರಿಯುತ್ತಿದ್ದ ದೀಪ, ನಡುವೆ ಒಮ್ಮೆ ಆರಿದ್ದು, ಎಲ್ಲ ಈಗ ಹೊಂದಿಕೊಂಡಿತು. 7 ಒಂದೂ ಇರಲಿಲ್ಲ.

ಡಿಸ್ಕೋ, ಕೇಬಲ್ಲೋ

ಈ ಪ್ರಶ್ನೆಗೆ ಉತ್ತರ ಡಿಸ್ಕಿನೊಳಗೇ ಇದೆ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ಬರೆದಿಡುತ್ತದೆ. ಸ್ಮಾರ್ಟ್ ಎನ್ನುತ್ತಾರೆ ಅದಕ್ಕೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಅದು ಪಟ್ಟಿಯಾಗಿ ಕಾಣುತ್ತದೆ. ಹಾರ್ಡ್ ಡಿಸ್ಕಾದರೆ ಮೂರು ಸಾಲು ನೋಡಿದರೆ ಸಾಕು.

05 ಎಂಬ ಸಾಲು, ಕೆಟ್ಟ ಜಾಗಗಳನ್ನು ಬಿಟ್ಟು ಬೇರೆ ಕಡೆ ಬರೆದುಕೊಂಡ ಲೆಕ್ಕ. ಸಿ5 ಎಂಬ ಸಾಲು, ಓದಲು ಕಷ್ಟವಾಗಿ ಇನ್ನೂ ತೀರ್ಮಾನವಾಗದೆ ಉಳಿದ ಜಾಗಗಳ ಲೆಕ್ಕ. ಈ ಎರಡರಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದು, ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಮೂರನೆಯದು ಸಿ7. ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ದಾರಿಯಲ್ಲಿ ಮಾಹಿತಿ ಕೆಟ್ಟುಹೋದ ಸಲಗಳ ಲೆಕ್ಕ ಅದು. ಡಿಸ್ಕ್ ಸರಿಯಾಗಿ ಕಳಿಸಿದೆ, ಆ ಕಡೆ ತಲುಪುವಾಗ ಹಾಳಾಗಿದೆ. ಹೆಚ್ಚಿನ ಸಲ ಅದರ ಅರ್ಥ ಕೇಬಲ್ ಇಲ್ಲವೇ ಅದರ ಎರಡು ತುದಿಯ ಜೋಡಣೆ.

ಆ ಪ್ರೋಗ್ರಾಂ ತಾನಾಗಿ ಈ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಡುವೆ ಎ, ಬಿ, ಸಿ ಅಕ್ಷರಗಳು ಬರುತ್ತವೆ. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್‌ಡ್ ಫೀಚರ್, ರಾ ವ್ಯಾಲ್ಯೂಸ್ ಎಂದು ಹೋಗಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಿ.

ಅಕ್ಕನ ಡಿಸ್ಕಿನಲ್ಲಿ 05 ಸೊನ್ನೆ, ಸಿ5 ಸೊನ್ನೆ, ಸಿ7 ಮಾತ್ರ 1214. ಕಂಪ್ಯೂಟರನ್ನು ಮಾಮೂಲಿಯಾಗಿ ಶುರುಮಾಡಿ, ಎರಡು ಸಲ ಹ್ಯಾಂಗ್ ಆಗಲು ಬಿಟ್ಟು, ಸೇಫ್ ಮೋಡಿಗೆ ಬಂದು ಮತ್ತೆ ನೋಡಿದೆ. 1257. ಡಿಸ್ಕ್ ಗಟ್ಟಿಯಾಗಿದೆ, ದಾರಿ ಕೆಟ್ಟಿದೆ.

ಡಬ್ಬಿ ಬಿಚ್ಚುವಾಗ

ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕೈಯಿಂದ ಡಬ್ಬಿಯ ಬಣ್ಣವಿಲ್ಲದ ಕಬ್ಬಿಣವನ್ನು ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಕೋಡಿಬಾಗ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗಾಳಿಯಲ್ಲಿ ಉಪ್ಪು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎರಡೂ ಸೇರಿ ಲೋಹವನ್ನು ತಿನ್ನುತ್ತವೆ. ಅಕ್ಕನ ಮನೆಯ ಕಿಟಕಿಯ ಸರಳು, ಬಾಗಿಲ ಚಿಲಕ ವರ್ಷ ತುಂಬುವುದರೊಳಗೆ ತುಕ್ಕು ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಕಂಪ್ಯೂಟರಿನೊಳಗಿನ ಸಣ್ಣ ಪಿನ್ನುಗಳಿಗೂ ಅದೇ ಗಾಳಿ. ಅವುಗಳ ಮೇಲೆ ಚಿನ್ನದ ಲೇಪ ಇರುತ್ತದೆ, ನಿಜ. ಆದರೆ ಅಗ್ಗದ ಕೇಬಲ್ಲಿನಲ್ಲಿ ಅದು ಬಹಳ ತೆಳು. ಲೇಪ ಸವೆದ ಕಡೆ ಕಿಲುಬು ಶುರುವಾಗುತ್ತದೆ.

ಡಿಸ್ಕಿನಿಂದ ಬೋರ್ಡಿಗೆ ಹೋಗುವ ಸಾಟಾ ಕೇಬಲ್ ಬೆರಳಿನಷ್ಟು ಅಗಲದ ಪಟ್ಟಿ. ತುದಿಯಲ್ಲಿ ಲೋಹದ ಕೊಕ್ಕೆ ಇರುವುದೂ ಉಂಟು, ಇಲ್ಲದ್ದೂ ಉಂಟು. ಅಕ್ಕನದ್ದರಲ್ಲಿ ಇರಲಿಲ್ಲ. ಬೋರ್ಡಿನ ಕಡೆಯ ತುದಿ ಕೈಯಿಂದ ಮುಟ್ಟಿದರೆ ಸಾಕು, ಅಲ್ಲಾಡುತ್ತಿತ್ತು. ಎಳೆದು ಬೆಳಕಿಗೆ ಹಿಡಿದೆ. ಒಳಗಿನ ಪಿನ್ನುಗಳಲ್ಲಿ ಎರಡು ಕಪ್ಪಾಗಿದ್ದವು.

ಅಂಗಡಿಗೆ ಹೋಗಿ ಬಂದಾಗಲೆಲ್ಲ ಎರಡು ಮೂರು ವಾರ ಸರಿಯಾಗಿ ನಡೆಯುತ್ತಿದ್ದದ್ದು ಯಾಕೆ ಎಂದು ಆಗ ಅರ್ಥವಾಯಿತು. ಅಲ್ಲಿ ಡಬ್ಬಿ ಬಿಚ್ಚಿ, ದೂಳು ಹೊಡೆದು, ಕೇಬಲ್ಲುಗಳನ್ನು ಒಮ್ಮೆ ಒತ್ತಿ ಕೂರಿಸಿರುತ್ತಾರೆ. ಪಿನ್ನು ಉಜ್ಜಿಕೊಂಡು ಹೊಸ ಜಾಗದಲ್ಲಿ ಕೂರುತ್ತದೆ. ಸ್ವಲ್ಪ ದಿನ ಸಂಪರ್ಕ ಚೆನ್ನಾಗಿರುತ್ತದೆ. ಸರಿಮಾಡಿದ್ದು ಆ ಒತ್ತುವಿಕೆ, ಫಾರ್ಮ್ಯಾಟ್ ಅಲ್ಲ. ಮಾಡಿದವರಿಗೂ ಅದು ಗೊತ್ತಾಗಿರಲಿಕ್ಕಿಲ್ಲ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಫಾರ್ಮ್ಯಾಟ್ ಮಾಡುವ ಮೊದಲು ನಿಮ್ಮ ಫೋಟೋ ಇದೆಯೇ ಎಂದು ಒಂದು ಮಾತು ಕೇಳಬೇಕಿತ್ತು.

ಹೊಸ ಸಾಟಾ ಕೇಬಲ್, ಕೊಕ್ಕೆ ಇರುವುದು, ಪೇಟೆಯಲ್ಲಿ 120 ರೂಪಾಯಿಗೆ ಸಿಕ್ಕಿತು. ಬೋರ್ಡಿನ ಬದಿಯ ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಮೃದು ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಬೋರ್ಡಿನಲ್ಲಿ ಖಾಲಿ ಇದ್ದ ಇನ್ನೊಂದು ಜಾಗಕ್ಕೆ ಕೇಬಲ್ ಸಿಕ್ಕಿಸಿದೆ. ಡಿಸ್ಕಿಗೆ ಹೋಗುವ ಪವರ್ ವೈರನ್ನೂ ಕಿತ್ತು ಮತ್ತೆ ಕೂರಿಸಿದೆ.

ಡಬ್ಬಿ ತೆರೆದಿರುವಾಗಲೇ ರ‍್ಯಾಮ್ ಕೂಡ ನೋಡಿಬಿಡಿ. ಕರಾವಳಿಯಲ್ಲಿ ಕೇಬಲ್ಲಿನ ಹಾಗೆಯೇ ಇದಕ್ಕೂ ಕಿಲುಬು ಹಿಡಿಯುತ್ತದೆ. ಎರಡೂ ಬದಿಯ ಹಿಡಿಕೆ ಸರಿಸಿದರೆ ಮೇಲೆ ಬರುತ್ತದೆ. ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ, ಒಂದೇ ದಿಕ್ಕಿಗೆ ಉಜ್ಜಿ. ರಬ್ಬರಿನ ಪುಡಿ ಒಳಗೆ ಬೀಳಬಾರದು. ಟಕ್ ಎಂದು ಸದ್ದಾಗುವವರೆಗೆ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನಡೆಸಿ ನೋಡಿ. ಒಂದರಲ್ಲಿ ಮಾತ್ರ ಹ್ಯಾಂಗ್ ಆದರೆ ಹುಡುಕಾಟ ಮುಗಿಯಿತು. ಅನುಮಾನ ಉಳಿದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ನಂಬುವ ಹಾಗಿಲ್ಲ.

ಬಿಸಿಯಿಂದ ನಿಲ್ಲುವುದೂ ಉಂಟು. ಆದರೆ ಲಾಗಿನ್ ಆದ ಒಂದು ನಿಮಿಷದಲ್ಲೇ ನಿಲ್ಲುತ್ತದೆ ಎಂದರೆ ಬಿಸಿಯ ಸಾಧ್ಯತೆ ಕಡಿಮೆ. ಅತಿಯಾಗಿ ಬಿಸಿಯಾದ ಪ್ರೊಸೆಸರ್ ಸಾಮಾನ್ಯವಾಗಿ ನಿಧಾನವಾಗುತ್ತದೆ, ಆಮೇಲೆ ತಾನೇ ಬಂದ್ ಆಗುತ್ತದೆ. ಫ್ಯಾನ್ ತಿರುಗುತ್ತಿದೆಯೇ, ದೂಳು ಕಟ್ಟಿದೆಯೇ ಎಂದು ನೋಡಿದರೆ ಸಾಕು. ಇರುವೆ ಗೂಡು ಕಟ್ಟಿದೆಯೇ ಎಂದೂ ನೋಡಿ, ನಮ್ಮ ಕಡೆ ಅದೂ ಇರುತ್ತದೆ. ಗಡಿಯಾರ ದಿನಾ ಹಿಂದೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿ. ಮದರ್‌ಬೋರ್ಡಿನಲ್ಲಿ ಯಾವುದಾದರೂ ಕೆಪಾಸಿಟರಿನ (ಸಣ್ಣ ಕೊಳವೆಯಂಥ ಭಾಗದ) ತಲೆ ಉಬ್ಬಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಸರಿಯಾದ ಮೇಲೆ

ಆ ರಾತ್ರಿ ಕಂಪ್ಯೂಟರ್ ಮಾಮೂಲಿಯಾಗಿ ಶುರುವಾಯಿತು. ಹ್ಯಾಂಗ್ ಆಗಲಿಲ್ಲ. ಅಷ್ಟಕ್ಕೇ ನಂಬುವಂತಿರಲಿಲ್ಲ, ಯಾಕೆಂದರೆ ಅಂಗಡಿಯಿಂದ ಬಂದಾಗಲೂ ಅದು ಚೆನ್ನಾಗಿಯೇ ನಡೆದಿತ್ತು. ನೋಡಬೇಕಾದದ್ದು ಸಿ7. ಹೊಸ ಕೇಬಲ್ ಹಾಕಿದರೂ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ. ಆದದ್ದರ ಲೆಕ್ಕ ಹಾಗೆಯೇ ಉಳಿಯುತ್ತದೆ, ಮುಂದೆ ಏರಬಾರದು. ಕಾಗದದ ಚೀಟಿಯಲ್ಲಿ ತಾರೀಕು ಹಾಕಿ 1257 ಎಂದು ಬರೆದು ಡಬ್ಬಿಯ ಬದಿಗೆ ಅಂಟಿಸಿದೆ. ಡಿಸ್ಕ್, ದಾರಿ ಎರಡೂ ಸರಿ ಎಂದು ಕಂಡ ಮೇಲೆ ಮಾರನೇ ಬೆಳಿಗ್ಗೆ ಎಸ್‌ಎಫ್‌ಸಿ ಓಡಿಸಿದೆ. ಹ್ಯಾಂಗ್ ಆದಾಗಲೆಲ್ಲ ಬಟನ್ ಒತ್ತಿ ಬಂದ್ ಮಾಡಿದ್ದರಿಂದ ಕೆಟ್ಟಿದ್ದ ಕೆಲವು ಫೈಲುಗಳನ್ನು ಅದು ಸರಿಮಾಡಿತು.

ಅಕ್ಕನಿಗೆ ಮಳೆಗಾಲಕ್ಕೆ ಮೂರು ಮಾತು ಹೇಳಿ ಬಂದೆ. ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ತಾಸು ಕಂಪ್ಯೂಟರ್ ಆನ್ ಇಡು, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಕಿಟಕಿಯಿಂದ ದೂರ ಇಡು, ಹಾಗೆಂದು ಬಾಗಿಲು ಮುಚ್ಚುವ ಕಪಾಟಿನಲ್ಲಿ ಇಡಬೇಡ, ಗಾಳಿಯಾಡಬೇಕು. ಸಿಡಿಲು ಶುರುವಾದರೆ ಕಂಪ್ಯೂಟರಿನ ಪ್ಲಗ್ ಜೊತೆಗೆ ಇಂಟರ್ನೆಟ್ಟಿನ ವೈರನ್ನೂ ಕಿತ್ತಿಡು, ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಕಡೆ ಒಂದು ಸಣ್ಣ ಯುಪಿಎಸ್ ಬೇಕೇ ಬೇಕು. ಅದಕ್ಕೆ ಭಾವ ಒಪ್ಪಿದ.

ಕಂಪ್ಯೂಟರಿಗೆ ವಯಸ್ಸಾಗಿದೆ. ರ‍್ಯಾಮ್ 4 ಜಿಬಿ, ಹಳೆಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಆ ವಿಂಡೋಸಿಗೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇದರಲ್ಲಿ ಇಲ್ಲ. ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಹಾಕಿ, ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿ, ಲಿನಕ್ಸ್ ಮಿಂಟ್ ಹಾಕೋಣ ಎಂದು ಮಾತಾಡಿಕೊಂಡಿದ್ದೇವೆ. ಅಷ್ಟು ಮಾಡಿದರೆ ಇನ್ನೂ ನಾಲ್ಕು ವರ್ಷ ಧಾರಾಳವಾಗಿ ನಡೆಯುತ್ತದೆ ಎಂಬ ನಂಬಿಕೆ ನನಗಿದೆ. ಅದಕ್ಕೆ ಮೊದಲು ಫೋಟೋಗಳ ಇನ್ನೊಂದು ಪ್ರತಿ ಶಿರಸಿಯ ನಮ್ಮ ಮನೆಯಲ್ಲಿ ಇಟ್ಟೆ. ಒಂದು ಸಮುದ್ರದ ಹತ್ತಿರ, ಇನ್ನೊಂದು ಘಟ್ಟದ ಮೇಲೆ.

ದೀಪಾವಳಿಗೆ ಮತ್ತೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರಕ್ಕೆ ಹೋದೆ. ಚಹಾ ಕುಡಿಯುವ ಮೊದಲೇ ಕಂಪ್ಯೂಟರ್ ಆನ್ ಮಾಡಿ ಪಟ್ಟಿ ತೆರೆದೆ. ಈವೆಂಟ್ ವ್ಯೂವರಿನಲ್ಲಿ ಚೌತಿಯ ನಂತರ ಒಂದೂ 129 ಇರಲಿಲ್ಲ. ಅಕ್ಕ ಡಬ್ಬಿಯ ಚೀಟಿ ನೋಡುತ್ತಾ ಕೇಳಿದಳು. "ಎಷ್ಟು ಬಂತು, ತಮಾ?"

1257.